ಮುಂದಿನ ಚಕ್ರದ ಹೊಳಪು

ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡಬಾರದೆಂಬುದು ನಮ್ಮ ಮನೆಯಲ್ಲಿ ಮದುವೆಯಾದ ಎರಡನೇ ತಿಂಗಳಲ್ಲೇ ಆದ ತೀರ್ಮಾನ. ಅದಕ್ಕೆ ಕಾರಣ ಗೋಡೆ ಗಡಿಯಾರ. ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತಿದ್ದ ಅದನ್ನು ನಾನು ಬಿಚ್ಚಿ ಸರಿಮಾಡಿದ ಮೇಲೆ, ಅದು ಹಿಂದಕ್ಕೇ ಓಡಲು ಶುರುಮಾಡಿತು. ಆಮೇಲೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಚ್ಚಲಿನ ನಲ್ಲಿ. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ನನ್ನ ಅಂಗೈಯಲ್ಲಿ ಎರಡೋ ಮೂರೋ ಸ್ಕ್ರೂ ಉಳಿದಿರುತ್ತಿದ್ದವು. "ಇವು ಬೇಡದಿದ್ದವು, ಸುಮ್ಮನೆ ಹಾಕಿದ್ದಾರೆ" ಎಂದು ನಾನು ಹೇಳುತ್ತಿದ್ದೆ. ಹೆಂಡತಿ ಅವನ್ನೆಲ್ಲ ಒಂದು ಶೀಶೆಯಲ್ಲಿ ತುಂಬಿಟ್ಟಿದ್ದಾಳೆ. ನೆಂಟರು ಬಂದಾಗ ಆಲ್ಬಮ್ಮಿನ ಜೊತೆ ಅದನ್ನೂ ತೋರಿಸುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಬೈಕಿನ ಚಕ್ರಕ್ಕೆ ಕೈಹಾಕಿದ್ದೇಕೆ ಎಂದರೆ, ತಪ್ಪು ಎದುರುಮನೆಯ ಮ್ಯಾನೇಜರ್ ಸಾಹೇಬರದು. ಅವರು ನಿವೃತ್ತರಾಗಿ ಆರು ವರ್ಷವಾಯಿತು. ಅವರಿದ್ದ ಕಾರ್ಖಾನೆಯೂ ಮುಚ್ಚಿಹೋಯಿತು. ಮ್ಯಾನೇಜರಿಕೆ ಮಾತ್ರ ನಮ್ಮ ಗಲ್ಲಿಯ ಮೇಲೆ ನಿರಾತಂಕವಾಗಿ ನಡೆದಿದೆ. ಅವರ ಹತ್ತಿರ ನನ್ನದೇ ಮಾದರಿಯ, ನನ್ನದಕ್ಕಿಂತ ಹಳೆಯ ಬೈಕಿದೆ. ಅದರ ರಿಮ್ಮುಗಳು ಮಾತ್ರ ಥಳಥಳ. ದಿನಾ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು, ಮೆತ್ತನೆಯ ಬಟ್ಟೆಯಿಂದ, ಮಗುವಿನ ಮುಖ ಒರೆಸುವ ಹಾಗೆ ಅವನ್ನು ಒರೆಸುತ್ತಾರೆ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ನನ್ನ ಹೆಂಡತಿ ಅವರ ಬೈಕಿನ ಮುಂದೆ ನಿಂತು, ಬಗ್ಗಿ, ರಿಮ್ಮಿನಲ್ಲಿ ನೋಡಿಕೊಂಡು ಮುಂಗುರುಳು ಸರಿಮಾಡಿಕೊಂಡಳು.

"ನಮ್ಮನೆ ಕನ್ನಡಿಗಿಂತ ಇದೇ ಚೆನ್ನಾಗಿ ತೋರಿಸುತ್ತೆ ಸಾರ್" ಎಂದಳು. ಆಮೇಲೆ ತಿರುಗಿ ನನ್ನ ಬೈಕಿನ ಚಕ್ರ ನೋಡಿದಳು. ಅವಳು ಬೈದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ, ಅಭ್ಯಾಸವಿದೆ.

"ಅದೇನ್ ಮಹಾ!" ಎಂದುಬಿಟ್ಟೆ. "ನಾನು ಕಾಲೇಜಲ್ಲಿದ್ದಾಗ ನಮ್ಮ ಚಿಕ್ಕಪ್ಪನ ಗ್ಯಾರೇಜಲ್ಲಿ ದಿನಕ್ಕೆ ಹತ್ತು ರಿಮ್ ಪಾಲಿಶ್ ಮಾಡ್ತಿದ್ದೆ."

"ನಿಮ್ಮ ಚಿಕ್ಕಪ್ಪನದು ಪುಸ್ತಕದ ಅಂಗಡಿ ಅಲ್ವೇನ್ರೀ?" ಎಂದಳು ಹೆಂಡತಿ.

"ಹಿಂದುಗಡೆ ಗ್ಯಾರೇಜ್ ಇತ್ತು."

ಮ್ಯಾನೇಜರ್ ಸಾಹೇಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಓಹೋ, ಹಾಗಾದ್ರೆ ನಿಮ್ಮ ಕೈಚಳಕಾನೂ ನೋಡೋಣ. ಮುಂದಿನ ವಾರದೊಳಗೆ ಆಗಬಹುದಾ?" ಎಂದು ನನಗೊಂದು ಗಡುವನ್ನೂ ಕೊಟ್ಟರು. ಕಾರ್ಖಾನೆ ಯಾಕೆ ಮುಚ್ಚಿತೆಂದು ನನಗೆ ಸ್ವಲ್ಪ ಅರ್ಥವಾಯಿತು.

ಸಂಜೆ ಮನೆಯಲ್ಲಿ ಹೆಂಡತಿ ಸ್ಪಷ್ಟವಾಗಿ ಹೇಳಿದಳು. "ರೀ, ಬೈಕಿಗೆ ಮಾತ್ರ ಕೈ ಹಚ್ಚಬೇಡಿ. ಅದರಲ್ಲಿ ನಾನೂ ಕೂತ್ಕೊಳ್ತೀನಿ. ಗಡಿಯಾರ ಕೆಟ್ರೆ ಟೈಮ್ ತಪ್ಪುತ್ತೆ, ಚಕ್ರ ಕೆಟ್ರೆ ಹಲ್ಲು ಹೋಗುತ್ತೆ."

ನಾನು ಮಾತು ಕೊಟ್ಟೆ. ಮರುದಿನವೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸೀಮೆಎಣ್ಣೆ, ಪಾಲಿಶ್ ಡಬ್ಬಿ, ತುಕ್ಕು ಉಜ್ಜಲು ಒಂದು ಡಜನ್ ಉಪ್ಪುಕಾಗದ ಕೇಳಿದೆ.

"ಉಪ್ಪುಕಾಗದ ಯಾವ ನಂಬರ್ ಸಾರ್?" ಎಂದರು ಅಂಗಡಿಯವರು.

ಅದಕ್ಕೆ ನಂಬರ್ ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಹುಟ್ಟಿದಾರಭ್ಯ ಬಂದಿಲ್ಲ. "ತುಂಬಾ ನಾಜೂಕಿನ ಕೆಲಸ. ಇರೋದ್ರಲ್ಲೇ ಚಿಕ್ಕ ನಂಬರ್ ಕೊಡಿ" ಎಂದೆ.

"ಚಿಕ್ಕ ನಂಬರಾ? ಏನ್ ಉಜ್ತೀರಿ?"

"ಅದೆಲ್ಲ ನಮಗೆ ಗೊತ್ತು, ಕಟ್ಟಿ."

ಅವರು ಒಂದು ಸಲ ನನ್ನನ್ನು, ಒಂದು ಸಲ ಕಾಗದವನ್ನು ನೋಡಿ ಕಟ್ಟಿಕೊಟ್ಟರು. ಉಪ್ಪುಕಾಗದದಲ್ಲಿ ನಂಬರ್ ಚಿಕ್ಕದಾದಷ್ಟೂ ಹರಳು ದೊಡ್ಡದು, ಅದು ಮರದ ತೊಲೆ ತರಿಯುವುದಕ್ಕೆ ಎಂಬ ವಿಷಯ ನನಗೆ ಆಮೇಲೆ ತಿಳಿಯಿತು. ಹತ್ತು ಜನರ ಎದುರಿಗೆ ತಿಳಿಯಿತು.

ಮಂಗಳವಾರ ಹೆಂಡತಿಗೆ ಬೆಳಗಿನ ಪಾಳಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಆರೂವರೆಗೆ ಬಸ್ಸು ಹಿಡಿದು ಹೋದಳು. ಅವಳು ತಿರುವು ದಾಟುತ್ತಲೇ ನಾನು ನಮ್ಮ ಆಫೀಸಿನ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದೆ. ದನಿಯಲ್ಲಿ ನೋವು ತುಂಬಲೆಂದು ಹೊಟ್ಟೆಯನ್ನು ಮೇಜಿನ ಅಂಚಿಗೆ ಬಲವಾಗಿ ಒತ್ತಿಕೊಂಡಿದ್ದೆ.

"ಸಾರ್, ತಡೆಯಕ್ಕಾಗದಷ್ಟು ಹೊಟ್ಟೆನೋವು. ಆಸ್ಪತ್ರೆಗೇ ಹೊರಟಿದೀನಿ."

"ಅಯ್ಯೋ ಪಾಪ, ಆಫೀಸ್ ಚಿಂತೆ ಬಿಡ್ರೀ. ಹುಷಾರು" ಎಂದರು. ಅವರು ಅಷ್ಟು ಒಳ್ಳೆಯವರಾಗಿದ್ದುದು ನನಗೆ ಮುಂದೆ ಬಹಳ ತೊಂದರೆ ಕೊಟ್ಟಿತು.

ಮ್ಯಾನೇಜರ್ ಸಾಹೇಬರು ವಾಯುವಿಹಾರಕ್ಕೆ ಹೋದ ಸಮಯ ನೋಡಿ, ಮನೆ ಮುಂದೆ ನಿಂತಿದ್ದ ಬೈಕಿನ ಎಂಜಿನ್ನಿನ ಕೆಳಗೆ ಇಟ್ಟಿಗೆ ಪೇರಿಸಿ, ಮುಂದಿನ ಚಕ್ರ ಬಿಚ್ಚಿದೆ. ಚಕ್ರ ಹೊರಕ್ಕೆ ಬಂತು. ಜೊತೆಗೆ ಒಂದು ವಾಷರ್, ಒಂದು ಸ್ಪ್ರಿಂಗು ಹಾರಿ ಚರಂಡಿಗೆ ಬಿದ್ದವು. ಅವು ಬೇಡದಿದ್ದವೇ ಇರಬೇಕು ಎಂದುಕೊಂಡೆ. ಯಾರೂ ಬಂದು ಬಾಗಿಲು ಬಡಿಯದಿರಲೆಂದು ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಪಕ್ಕದ ಓಣಿಯಲ್ಲಿ ಚಕ್ರ ಉರುಳಿಸಿಕೊಂಡು ಹೋಗಿ, ಹಿಂಬಾಗಿಲಿನಿಂದ ಬಚ್ಚಲುಮನೆ ಸೇರಿಕೊಂಡೆ. ಇಂಥ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲು ಸೀಮೆಎಣ್ಣೆ ಹಚ್ಚಿ ಮಣ್ಣು ತೆಗೆದೆ. ಅಲ್ಲಲ್ಲಿ ಸಾಸಿವೆಕಾಳಿನಷ್ಟು ತುಕ್ಕಿನ ಚುಕ್ಕೆಗಳಿದ್ದವು. ಉಳಿದದ್ದೆಲ್ಲ, ಈಗ ಯೋಚಿಸಿದರೆ, ಹೊಳೆಯುತ್ತಲೇ ಇತ್ತು. ಆಗ ಒಂದು ಬಟ್ಟೆಯಿಂದ ಒರೆಸಿ ಎದ್ದಿದ್ದರೆ ನಾನೊಬ್ಬ ಗೌರವಸ್ಥ. ಆದರೆ ಒಂದು ಡಜನ್ ಉಪ್ಪುಕಾಗದ ಕೈಯಲ್ಲಿತ್ತಲ್ಲ, ಉಜ್ಜಲು ಕೂತೆ. ಚುಕ್ಕೆಗಳು ಹೋದವು. ಹೊಳಪಿನ ಕೆಳಗಿನಿಂದ ಹಳದಿ ಬಣ್ಣ ಕಾಣಿಸಿಕೊಂಡಿತು. 'ನೋಡು, ಎಷ್ಟು ಒಳಗೆ ಇಳಿದಿದೆ ಕೊಳೆ!' ಎಂದು ಇನ್ನೂ ಬಲವಾಗಿ ಉಜ್ಜಿದೆ. ಹಳದಿಯ ಕೆಳಗೆ ಬೂದುಬಣ್ಣ ಬಂತು. ಇದು ಅಸಲಿ ಲೋಹ, ಕೊನೆಯಲ್ಲಿ ಪಾಲಿಶ್ ಹಾಕಿದರೆ ಮಿಂಚುತ್ತದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡು ಗೇಣುಗೇಣಾಗಿ ಮುಂದುವರಿದೆ. ಮೊಣಕೈವರೆಗೆ ಮಸಿ, ಮೂಗಿನ ಮೇಲೆ ಮಸಿ. ಒಟ್ಟಿನಲ್ಲಿ ರಿಮ್ಮಿಗಿಂತ ಹೆಚ್ಚು ಬದಲಾವಣೆ ನನ್ನಲ್ಲಿ ಆಗಿತ್ತು.

ಮುಕ್ಕಾಲು ಚಕ್ರ ಮುಗಿಯುವ ಹೊತ್ತಿಗೆ ಹೊರಗೆ ಒಂದು ಚೀರಾಟ ಕೇಳಿಸಿತು. ಪಕ್ಕದ ಮಹಡಿಮನೆಯ ಅಜ್ಜಿ.

"ಅಯ್ಯಯ್ಯೋ, ಚಕ್ರ ಕದ್ದುಬಿಟ್ಟಿದಾರೆ! ಹಾಡಹಗಲೇ ಚಕ್ರ ಕದ್ದುಬಿಟ್ಟಿದಾರೆ!"

ನಾನು ಬಚ್ಚಲಿನಿಂದ ತೆವಳಿಕೊಂಡು ಬಂದು ಮುಂದಿನ ಕೋಣೆಯ ಕಿಟಕಿಯ ಪರದೆ ಸಂದಿಯಿಂದ ಇಣುಕಿದೆ. ಮುಂದಿನ ಕಾಲು ಕಳೆದುಕೊಂಡು ಇಟ್ಟಿಗೆಯ ಮೇಲೆ ನಿಂತ ನನ್ನ ಬೈಕಿನ ಸುತ್ತ ಆಗಲೇ ಆರೇಳು ಜನ. ನಡುವೆ ಮ್ಯಾನೇಜರ್ ಸಾಹೇಬರು ಮೊಣಕಾಲೂರಿ ಕೂತು ಪರೀಕ್ಷೆ ನಡೆಸುತ್ತಿದ್ದರು.

"ಪಳಗಿದ ಕೈ" ಎಂದು ತೀರ್ಪು ಕೊಟ್ಟರು. "ನಟ್ಟಿಗೆ ಒಂದು ಗೀರಿಲ್ಲ. ಎರಡೇ ನಿಮಿಷದಲ್ಲಿ ಬಿಚ್ಚಿದಾನೆ. ಇದು ದೊಡ್ಡ ಗ್ಯಾಂಗಿನ ಕೆಲಸ."

ಜೀವನದಲ್ಲಿ ಮೊದಲ ಬಾರಿಗೆ ಯಾರೋ ನನ್ನ ಕೈಕೆಲಸವನ್ನು ಹೊಗಳಿದ್ದರು. ಹೊರಗೆ ಹೋಗಿ ಕೈಕುಲುಕುವ ಹಾಗಿರಲಿಲ್ಲ, ಅಷ್ಟೇ. ಆ ಕ್ಷಣವೇ ಹೊರಬಂದು 'ನಾನೇ ಬಿಚ್ಚಿದ್ದು' ಎಂದಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಹೊರಬಂದರೆ ಹೊಟ್ಟೆನೋವು ಸುಳ್ಳಾಗುತ್ತದೆ, ಹೆಂಡತಿಗೆ ಕೊಟ್ಟ ಮಾತು ಸುಳ್ಳಾಗುತ್ತದೆ, ಚಿಕ್ಕಪ್ಪನ ಗ್ಯಾರೇಜೂ ಬಯಲಾಗುತ್ತದೆ. ಮೂರು ಸುಳ್ಳು ಒಟ್ಟಿಗೆ ಬಿದ್ದರೆ ಕೆಳಗೆ ಉಳಿಯುವುದು ಏನೆಂದು ಯೋಚಿಸುತ್ತ ಪರದೆ ಹಿಡಿದುಕೊಂಡೇ ಕೂತೆ.

ಮ್ಯಾನೇಜರ್ ಸಾಹೇಬರು ನನಗೆ ಫೋನ್ ಹಚ್ಚಿದರು. ನನ್ನ ಫೋನು ಅಡುಗೆಮನೆಯಲ್ಲಿ ಗಂಟಲು ಹರಿದುಕೊಳ್ಳತೊಡಗಿತು. ಓಡಿದೆ. ಯಾವ ಗುಂಡಿ ಒತ್ತಬೇಕೆಂದು ಮಸಿಗೈಗೆ ತೋಚದೆ, ಅದನ್ನು ಹಿಟ್ಟಿನ ಡಬ್ಬಿಯೊಳಗೆ ಹುಗಿದು ಮುಚ್ಚಳ ಹಾಕಿದೆ.

"ಒಳಗೇ ಹೊಡ್ಕೊತಿದೆ. ಫೋನ್ ಬಿಟ್ಟೇ ಹೋಗಿದಾರೆ ಅಂದ್ರೆ ಏನೋ ಅವಸರ" ಎಂದರು ಸಾಹೇಬರು. ಆಮೇಲೆ ನಮ್ಮ ಆಫೀಸಿಗೆ ಹಚ್ಚಿದರು. ಅತ್ತಲಿಂದ ಸೂಪರಿಂಟೆಂಡೆಂಟರು ಹೇಳಿದ್ದನ್ನು ಕೇಳಿ ಅವರ ಮುಖ ಗಂಭೀರವಾಯಿತು. "ತಡೆಯಲಾರದ ಹೊಟ್ಟೆನೋವಂತೆ, ಆಸ್ಪತ್ರೇಲಿದಾರಂತೆ!"

"ಅಯ್ಯೋ ಮಗಾ!" ಎಂದು ಮಹಡಿಯಿಂದಲೇ ಅಜ್ಜಿ ಎದೆ ಬಡಿದುಕೊಂಡರು. "ನಿನ್ನೆ ಸಂಜೆ ನೋಡಿದೆ, ಮುಖ ಹಣ್ಣಾಗಿತ್ತು. ಆಪರೇಷನ್ನೇ ಇರಬೇಕು."

ಅಜ್ಜಿಯ 'ಇರಬೇಕು' ಮೆಟ್ಟಿಲಿಳಿದು ಗೇಟು ದಾಟುವಷ್ಟರಲ್ಲಿ 'ಇದೆಯಂತೆ' ಆಗಿತ್ತು. ಮ್ಯಾನೇಜರ್ ಸಾಹೇಬರು ನನ್ನ ಹೆಂಡತಿಗೆ ಫೋನ್ ಮಾಡಿದಾಗ ನಾನು ಆಪರೇಷನ್ ಟೇಬಲ್ಲಿನ ಮೇಲಿದ್ದೆ.

ಅರ್ಧ ಗಂಟೆಯಲ್ಲಿ ಸೂಪರಿಂಟೆಂಡೆಂಟರು, ನಾನು ಯಾವ ಆಸ್ಪತ್ರೆಯಲ್ಲಿದ್ದೇನೆಂದು ವಿಚಾರಿಸಲು, ಸ್ಕೂಟರಿನಲ್ಲಿ ಬಂದರು. ನನಗೆಂದು ಒಂದು ಡಜನ್ ಎಳನೀರನ್ನು ಕಾಲ ಬಳಿ ಇಟ್ಟುಕೊಂಡು, ಎರಡು ಮೊಣಕಾಲನ್ನೂ ಆಚೆ ಈಚೆ ಚಾಚಿಕೊಂಡು ಬಂದಿದ್ದರು. ಅವರ ಹಿಂದೆಯೇ, ಯಾರೋ ಫೋನ್ ಮಾಡಿ ಕರೆಸಿದ್ದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ನೋಟ್‌ಬುಕ್ ಹಿಡಿದು ಬಂದರು. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕಳೆದುಹೋದ ಸಾಮಾನುಗಳನ್ನು ನೆನಪಿಸಿಕೊಂಡು ಬರೆಸತೊಡಗಿದರು. ಒಬ್ಬರ ಬನಿಯನ್, ಇನ್ನೊಬ್ಬರ ಬಕೆಟ್ಟು, ಅಜ್ಜಿಯ ಕನ್ನಡಕದ ಡಬ್ಬಿ. ಆ ಕನ್ನಡಕದ ಡಬ್ಬಿ ಅಜ್ಜಿಯ ಕೈಯಲ್ಲೇ ಇತ್ತು. ಕೇಸು ಹೀಗೆ ಬಲವಾಗುತ್ತಿರುವಾಗ ಗಲ್ಲಿಗೆ ಗುಜರಿಯವನು ತನ್ನ ತಳ್ಳುಗಾಡಿ ತಳ್ಳಿಕೊಂಡು ಬಂದ.

ಐವತ್ತು ದಾಟಿದ, ತೆಳ್ಳನೆಯ ಆಳು. ಗಾಡಿಯಲ್ಲಿ ಹಳೇ ಪೇಪರು, ಒಡೆದ ಬಕೆಟ್ಟು, ಮತ್ತು ದುರದೃಷ್ಟಕ್ಕೆ ಬೈಕಿನದೇ ಒಂದು ರಿಮ್ಮು.

"ಹಿಡೀರಿ ಅವನನ್ನ!" ಎಂದರು ಮ್ಯಾನೇಜರ್ ಸಾಹೇಬರು.

"ಸಾಮಿ, ಇದು ಆಚೆ ಬೀದಿ ಗ್ಯಾರೇಜಿಂದ ತಂದಿದ್ದು. ನೋಡಿ, ಪೂರಾ ತುಕ್ಕು ಹಿಡಿದಿದೆ. ನಿಮ್ಮದು ಕಳೆದಿದ್ದು ಇವತ್ತಲ್ವಾ?"

"ಗುರುತು ಸಿಗಬಾರದು ಅಂತ ತುಕ್ಕು ಹಿಡಿಸಿದಾನೆ!" ಎಂದರು ಸಾಹೇಬರು.

"ಎರಡು ಗಂಟೇಲಾ?" ಎಂದ ಗುಜರಿಯವನು.

"ನಾನು ಹೇಳ್ಲಿಲ್ವಾ, ಪಳಗಿದ ಕೈ ಅಂತ!"

ಹೆಡ್ ಕಾನ್‌ಸ್ಟೇಬಲ್ ಅವನ ತೋಳು ಹಿಡಿದರು. "ನಡಿ, ಸ್ಟೇಷನ್ನಲ್ಲಿ ಹೇಳೋವಂತೆ. ಗಾಡಿ ಇಲ್ಲೇ ಇರ್ಲಿ."

"ಸಾಮಿ, ಈ ಬೀದೀಲಿ ಒಂಬತ್ತು ವರ್ಷದಿಂದ ಬರ್ತಿದೀನಿ. ಕಳ್ಳ ಅಂತ ಒಂದ್ಸಲ ಕರ್ಕೊಂಡು ಹೋದ್ರೆ ನಾಳೆಯಿಂದ ಯಾರು ಬಾಗಿಲು ತೆಗೀತಾರೆ ನಂಗೆ?"

ಅವನು ಕೂಗಲಿಲ್ಲ, ಸಾದಾ ದನಿಯಲ್ಲೇ ಹೇಳಿದ. ಪರದೆ ಹಿಡಿದಿದ್ದ ನನಗೆ ಆಗ ನಿಜವಾಗಿಯೂ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ಮೂರು ಪುಟಗೋಸಿ ಸುಳ್ಳಿಗೋಸ್ಕರ ಒಬ್ಬ ಮರ್ಯಾದಸ್ಥನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು, ಸುಳ್ಳು ಹೇಳಬಾರದು. ಆದರೂ ಎದ್ದೆ. ಚಕ್ರ ಎತ್ತಿ ಹೆಗಲಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಓಣಿ ಬಳಸಿ ಗಲ್ಲಿಗೆ ಬಂದು ನಿಂತೆ.

"ಅವನನ್ನ ಬಿಡಿ" ಎಂದೆ. "ಚಕ್ರ ಯಾರೂ ಕದ್ದಿಲ್ಲ. ನಾನೇ ಬಿಚ್ಚಿದ್ದು."

"ನೋಡಿದ್ರಾ!" ಎಂದು ಮ್ಯಾನೇಜರ್ ಸಾಹೇಬರು ಗದ್ಗದಿತರಾದರು. "ಆಸ್ಪತ್ರೆ ಮಂಚದಿಂದ ಎದ್ದು ಬಂದು, ಓಣಿಯೆಲ್ಲ ಹುಡುಕಿ, ಕಳ್ಳ ಬಚ್ಚಿಟ್ಟ ಚಕ್ರಾನ ಒಬ್ಬರೇ ಹೊತ್ಕೊಂಡು ಬಂದಿದಾರೆ! ಅದರ ಮೇಲೆ ಆ ಕಳ್ಳನನ್ನ ಉಳಿಸ್ತಿದಾರೆ!"

"ಅಲ್ಲ ಸಾರ್, ನಾನು ಆಸ್ಪತ್ರೆಗೆ ಹೋಗೇ ಇಲ್ಲ. ಹೊಟ್ಟೆನೋವು ಸುಳ್ಳು."

ಸೂಪರಿಂಟೆಂಡೆಂಟರು ಕಣ್ಣೊರೆಸಿಕೊಂಡರು. "ಹನ್ನೆರಡು ವರ್ಷದಿಂದ ನೋಡ್ತಿದೀನಿ, ಇಷ್ಟು ದೊಡ್ಡ ಮನಸ್ಸಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಯಾರಿಗೋಸ್ಕರವೋ ತನ್ನ ಮೇಲೆ ತಾನೇ ಸುಳ್ಳು ಹೇಳ್ಕೊಳ್ತಿದಾರೆ. ಮೊದ್ಲು ಕೂತ್ಕೊಳ್ರೀ, ಎಳನೀರು ಕುಡೀರಿ."

"ಬಚ್ಚಲಲ್ಲಿ ಕೂತು ಪಾಲಿಶ್ ಮಾಡ್ತಿದ್ದೆ ಸಾರ್!"

"ಜ್ವರ ತಲೆಗೇರಿದೆ" ಎಂದರು ಅಜ್ಜಿ.

ಅಷ್ಟರಲ್ಲಿ ಆಟೋದಿಂದ ಹೆಂಡತಿ ಇಳಿದಳು. ಕೆಲಸದ ಬಿಳಿ ಕೋಟು ಬಿಚ್ಚದೇ ಬಂದಿದ್ದಳು. ಆಸ್ಪತ್ರೆಯ ಮೂರು ವಾರ್ಡು, ಎರಡು ಆಪರೇಷನ್ ಕೋಣೆ, ಕೊನೆಗೆ ಹೆಸರು ಹೇಳಬಾರದ ಇನ್ನೊಂದು ಕೋಣೆಯನ್ನೂ ಹುಡುಕಿ ಬಂದಿದ್ದಳಂತೆ. ನನ್ನನ್ನು ಕಂಡೊಡನೆ ಅವಳ ಕಣ್ಣು ತುಂಬಿಬಂತು. ಮಸಿ ಮೆತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇದಕ್ಕೆ ನಾನು ಲಾಯಕ್ಕಲ್ಲ ಎಂದು ಕುಗ್ಗಿಹೋದೆ. ಆಮೇಲೆ ಅವಳು ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಸೀಮೆಎಣ್ಣೆ. ಕೈ ಬಿಟ್ಟಳು.

"ರೀ, ಏನ್ ಬಿಚ್ಚಿದ್ರಿ?" ಎಂದಳು.

ಇಡೀ ಗಲ್ಲಿಯಲ್ಲಿ ನನ್ನನ್ನು ನಂಬಿದವಳು ಅವಳೊಬ್ಬಳೇ. ಆದರೆ ಹೆಡ್ ಕಾನ್‌ಸ್ಟೇಬಲ್ ತಲೆಯಾಡಿಸಿದರು. "ಗಂಡ ಹೆಂಡತಿ ಮಾತು ಸಾಕ್ಷಿ ಆಗಲ್ಲಮ್ಮಾ. ಇಷ್ಟು ಜನ ಒಂದು ಹೇಳ್ತಿದಾರೆ, ಇವರೊಬ್ಬರು ಬೇರೆ ಹೇಳ್ತಿದಾರೆ. ನಡಿಯೋ."

ಗುಜರಿಯವನು ನಡೆಯಲಿಲ್ಲ. ಅವನ ಕಣ್ಣು ನನ್ನ ಹೆಗಲ ಮೇಲಿನ ಚಕ್ರದ ಮೇಲೆ ನೆಟ್ಟಿತ್ತು. "ಸಾಹೇಬ್ರೇ, ಒಂದ್ನಿಮಿಷ ಆ ಚಕ್ರ ಇತ್ತಾಗ್ ಕೊಡಿ. ಗುಜರಿಗೆ ಬರೋಕೆ ಮುಂಚೆ ಹನ್ನೊಂದು ವರ್ಷ ಪ್ಲೇಟಿಂಗ್ ಅಂಗಡೀಲಿ ರಿಮ್ಮಿಗೆ ಕ್ರೋಮ್ ಹಿಡಿಸಿದೋನು ನಾನು."

ಚಕ್ರವನ್ನು ಇಳಿಸಿಕೊಂಡು, ನೆಲದ ಮೇಲೆ ನಿಧಾನವಾಗಿ ತಿರುಗಿಸುತ್ತ ಹೆಬ್ಬೆರಳಿನಿಂದ ಸವರಿದ. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ನಿಜವಾದ ದುಃಖ ಮೂಡಿತು.

"ಯಾವ ನಂಬರ್ ಕಾಗದ ಹಾಕಿದ್ರಿ ಸಾಮಿ?" ಎಂದ.

"ಚಿಕ್ಕದು" ಎಂದೆ. "ನಾಜೂಕಿನ ಕೆಲಸ ಅಂತ."

ಅವನು ಕಣ್ಣು ಮುಚ್ಚಿಕೊಂಡ. ನಂಬರಿನ ವಿಷಯವನ್ನು ಅಲ್ಲಿಯೇ, ಎಲ್ಲರಿಗೂ ಕೇಳುವಂತೆ ವಿವರಿಸಿದ. ಆಮೇಲೆ ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿದ. "ಸಾಹೇಬ್ರೇ, ಕಳ್ಳ ಕದ್ದ ಮಾಲನ್ನ ಹಾಳು ಮಾಡಲ್ಲ. ಇದಕ್ಕೆ ಮೇಲೆ ಕ್ರೋಮ್ ಇತ್ತು, ಹೊಳಪು ಅಂದ್ರೆ ಅದೇ. ಇವರು ಅದನ್ನೇ ಕೊಳೆ ಅಂತ ಉಜ್ಜಿ ತೆಗೆದಿದಾರೆ. ಕ್ರೋಮ್ ಕೆಳಗೆ ನಿಕ್ಕಲ್ ಇತ್ತು, ಅದನ್ನೂ ತೆಗೆದಿದಾರೆ. ಈಗ ಬರೀ ಕಬ್ಬಿಣ."

"ಪೂರ್ತಿ ಏನೂ ಹೋಗಿಲ್ಲ" ಎಂದು ಮ್ಯಾನೇಜರ್ ಸಾಹೇಬರು ಬಗ್ಗಿ ಬೆರಳು ತೋರಿಸಿದರು. "ಇಲ್ಲಿ ಎರಡು ಗೇಣು ಫಳಫಳ ಅಂತಿದೆಯಲ್ಲ?"

"ಅದಾ ಸಾಮಿ? ಅದು ಇವರು ಇನ್ನೂ ಮುಟ್ಟದೇ ಇರೋ ಜಾಗ."

ಎಲ್ಲರೂ ಆ ಎರಡು ಗೇಣನ್ನು ನೋಡಿದರು. ಉಳಿದ ಬೂದುಬಣ್ಣವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹಾಗಾದ್ರೆ ಇವರೇ" ಎಂದರು ಮ್ಯಾನೇಜರ್ ಸಾಹೇಬರು.

"ಅನುಮಾನವೇ ಇಲ್ಲ, ಫೈಲುಗಳನ್ನೂ ಇವರು ಹೀಗೇ ತಿದ್ದೋದು" ಎಂದರು ಸೂಪರಿಂಟೆಂಡೆಂಟರು. ಕುಡಿಯಲೆಂದು ನನ್ನ ಕೈಗಿತ್ತಿದ್ದ ಎಳನೀರನ್ನು ಹಿಂದಕ್ಕೆ ತೆಗೆದುಕೊಂಡು ಗುಜರಿಯವನಿಗೆ ಕೊಟ್ಟರು.

ನಾನು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ಒಬ್ಬರೂ ನಂಬಿರಲಿಲ್ಲ. ನನ್ನ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ನಂಬದವರು ಒಬ್ಬರೂ ಉಳಿಯಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಅವನ ತೋಳು ಬಿಟ್ಟು, ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿ, ಸಾರ್ವಜನಿಕರ ಸಮಯ ಹಾಳು ಮಾಡಿದ್ದಕ್ಕೆ ಯಾವ ಕಲಂ ಬರುತ್ತದೆಂದು ನನ್ನನ್ನೇ ನೋಡುತ್ತ ಯೋಚಿಸಿದರು. ಹೆಂಡತಿ ಅವರಿಗೆ, "ನೀವು ಹೋಗಿ ಸಾರ್, ಇವರನ್ನ ನನಗೆ ಬಿಡಿ" ಎಂದಳು. ಅವರು ನನ್ನ ಕಡೆ ಕರುಣೆಯಿಂದ ನೋಡಿ ಹೊರಟರು.

ಗುಜರಿಯವನು ಎಳನೀರು ಮುಗಿಸಿ ಬಾಯೊರೆಸಿಕೊಂಡ. ಮಾತಾಡಿದ್ದು ನನ್ನ ಜೊತೆಗಲ್ಲ, ಹೆಂಡತಿಯ ಜೊತೆಗೆ. "ಅಮ್ಮಾ, ನಮ್ಮ ಹಳೇ ಮೇಸ್ತ್ರಿ ಇನ್ನೂ ಅಂಗಡಿ ನಡೆಸ್ತಾರೆ. ಇದನ್ನ ಬಿಚ್ಚಿಸಿ, ಮತ್ತೆ ಕ್ರೋಮ್ ಹಿಡಿಸಿ, ಶನಿವಾರ ತಂದುಕೊಡ್ಲಾ?"

"ತಗೊಂಡ್ಹೋಗಪ್ಪಾ, ಪುಣ್ಯ ಬರುತ್ತೆ" ಎಂದಳು ಅವಳು.

ಸ್ವಲ್ಪ ಹೊತ್ತಿನ ಹಿಂದೆ ಅವನನ್ನು ಹಿಡಿಯಿರೆಂದ ಮ್ಯಾನೇಜರ್ ಸಾಹೇಬರೇ ಮುಂದೆ ಬಂದು, ನನ್ನ ಚಕ್ರವನ್ನು ಎತ್ತಿ ಅವನ ಗಾಡಿಯಲ್ಲಿಟ್ಟರು. "ತಪ್ಪಾಯ್ತು ಕಣಪ್ಪಾ" ಎಂದು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಅವರೇ ಹೇಳಿದ ಮೇಲೆ ನಾನು ಹೇಳದಿದ್ದರೆ ಆಗುತ್ತದೆಯೇ? ಆದರೆ ಮಾತಿಗಿಂತ ಕೆಲಸ ಮೇಲು ಎಂದುಕೊಂಡೆ. ಹೋಗಿ ಗಾಡಿಯ ಹಿಡಿಗೆ ಕೈಹಾಕಿ, ಬೀದಿಯ ಕೊನೆಯವರೆಗಾದರೂ ತಳ್ಳಿಕೊಡೋಣವೆಂದು ಬಲವಾಗಿ ಒಂದು ನೂಕು ನೂಕಿದೆ.

ಅವನು ನಗುತ್ತ ನನ್ನ ಕೈಯನ್ನು ಮೆತ್ತಗೆ ಹಿಡಿಯಿಂದ ಬಿಡಿಸಿದ.

"ಬೇಡ ಸಾಮಿ" ಎಂದ. "ಈ ಗಾಡಿಗೂ ನಾಲ್ಕು ಚಕ್ರ ಇದೆ."